ಮೂರು ಸಾವಿರದ ಆರುನೂರು ಸುತ್ತು

ಮಾರ್ಚ್ 3, ಸೋಮವಾರ

ಸೆಂಟ್ರಿಫ್ಯೂಜ್ ಒಮ್ಮೆ ಶುರುವಾದರೆ ಹತ್ತು ನಿಮಿಷ ತಿರುಗುತ್ತದೆ. ರಕ್ತದ ಕೊಳವೆಗಳು ಮುಚ್ಚಳದೊಳಗೆ ಗಿರಗಿರ ಸುತ್ತಿ, ಕೆಂಪೆಲ್ಲ ತಳಕ್ಕಿಳಿದು, ಮೇಲೆ ಹಳದಿ ನೀರು ತಿಳಿಯಾಗಿ ನಿಲ್ಲುವ ತನಕ ನನಗೆ ಕೆಲಸವಿಲ್ಲ. ಇಷ್ಟು ವರ್ಷ ಆ ಹತ್ತು ನಿಮಿಷ ಕಿಟಕಿಯಾಚೆ ನೋಡುತ್ತಾ ಕಳೆದೆ. ಇವತ್ತಿನಿಂದ ಬರೆಯುತ್ತೇನೆ. ಮನೆಯಲ್ಲಿ ಹೇಳೋಣವೆಂದರೆ ಕೇಳಿಸಿಕೊಳ್ಳುವವರಿಲ್ಲ. ಇದು ಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಇಲ್ಲ.

ಬರೆಯುತ್ತಿರುವುದು ಲ್ಯಾಬಿನ ಹಳೇ ರಿಜಿಸ್ಟರಿನಲ್ಲಿ. ಹಿಂದಿನ ಅರ್ಧ ಖಾಲಿ ಉಳಿದಿತ್ತು. ಇದರಲ್ಲಿ ಬರೆದ ಮೇಲೆ ಇದರ ನಿಯಮವನ್ನೂ ಪಾಲಿಸಬೇಕು: ತಪ್ಪಾದರೆ ಉಜ್ಜಬಾರದು, ಗೀಚಬಾರದು. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ, ತಾರೀಖು. ಇಪ್ಪತ್ತಾರು ವರ್ಷದಲ್ಲಿ ನಾನು ಎಳೆದ ಗೆರೆಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು. ಜಂಬ ಅಂದರೆ ಜಂಬವೇ ಸರಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನರು ಇಪ್ಪತ್ತೆಂಟು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್‌ಮನ್ ಆಗಿದ್ದರು. ಹೋದ ವರ್ಷ ಪ್ರೆಸ್ಸು ಮುಚ್ಚಿತು. ಆಮೇಲೆ ಆರು ತಿಂಗಳು ಮನೆಯಲ್ಲಿ ಕೂತು ಗೋಡೆ ನೋಡಿದರು. ಗೋಡೆಗೂ ಬೇಜಾರಾಗಿರಬೇಕು, ಒಂದು ದಿನ ಎದ್ದು ಹೋಗಿ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಅದರೊಳಗೆ ಬೈಸಿಕಲ್ಲಿಗೆ ಜೋಡಿಸುವ ಪುಟಾಣಿ ಪೆಟ್ರೋಲ್ ಇಂಜಿನ್ ಇತ್ತು. ಐವತ್ತನಾಲ್ಕನೇ ವಯಸ್ಸಿನಲ್ಲಿ! ಅದನ್ನು ಹಳೇ ಬೈಸಿಕಲ್ಲಿನ ನಡುವೆ ಕೂರಿಸಿ ಬೀದಿಯಲ್ಲಿ ಓಡಿಸಿದಾಗ ನಾನು ಬಾಗಿಲ ಹಿಂದೆ ನಿಂತು, ಇವರು ಯಾರೋ ನನಗೆ ಗೊತ್ತೇ ಇಲ್ಲ ಅನ್ನುವ ಹಾಗೆ ನೋಡಿದೆ.

ಜನವರಿಯಲ್ಲಿ ಆ ಇಂಜಿನ್ ಸೀಜ್ ಆಯಿತು. ಒಳಗೆಲ್ಲ ಕಚ್ಚಿಕೊಂಡು ಕಲ್ಲಿನ ಹಾಗೆ ನಿಂತಿತು. ಈಗ ಎರಡನೆಯದು ಬಂದಿದೆ. "ಇಂಜಿನ್ ಎಷ್ಟು ಸ್ಪೀಡಲ್ಲಿ ತಿರುಗ್ತಿದೆ ಅಂತ ಗೊತ್ತಾಗೋದು ಹೇಗೆ ರೀ?" ಅಂತ ಕೇಳಿದರೆ, "ಕಿವಿ ಯಾಕಿರೋದು? ಸದ್ದು ಕೇಳಿದ್ರೆ ಸಾಕು, ನಿಮಿಷಕ್ಕೆ ಎಷ್ಟು ಸುತ್ತು ಅಂತ ಹೇಳ್ತೀನಿ" ಅನ್ನುತ್ತಾರೆ. ಯಾವ ಕಿವಿ? ನಾನು ಪಕ್ಕದ ಕೋಣೆಯಿಂದ ಮೂರು ಸಲ ಕೂಗಿದರೂ ಓಗೊಡದ ಕಿವಿ. ಟೀವಿ ಹಚ್ಚಿದರೆ ಎದುರು ಮನೆಯವರು ವಾರ್ತೆ ಕೇಳಿಸಿಕೊಳ್ಳುವ ಕಿವಿ. "ಒಮ್ಮೆ ಕಿವಿ ತೋರಿಸಿ" ಅಂದರೆ "ನನಗೇನಾಗಿದೆ?" ಅಂತ ಮುಖ ಊದಿಸುತ್ತಾರೆ.

ನಗೆಯಾಟ ಹಾಗಿರಲಿ. ಪಂಪ್ ರಿಪೇರಿ ಅಂಗಡಿಯವರು ಇವರನ್ನು ಇಪ್ಪತ್ನಾಲ್ಕನೇ ತಾರೀಖು ಬರಲು ಹೇಳಿದ್ದಾರೆ. ಸಣ್ಣ ಇಂಜಿನ್‌ಗಳ ಸ್ಪೀಡು ಕೂರಿಸುವ ಕೆಲಸ. ಕೈಗುಣ ಇರುವವರು ಬೇಕಂತೆ. ಇವರು ಆಗಲೇ ಹಳೇ ಸ್ಪ್ಯಾನರುಗಳನ್ನು ಉಜ್ಜಿ ಹೊಳಪು ಮಾಡಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಅಲ್ಲಿ ಹತ್ತು ಜನರ ಮುಂದೆ ಕಿವಿ ಕೈಕೊಟ್ಟರೆ? ಮತ್ತೆ ಗೋಡೆ ನೋಡುತ್ತಾ ಕೂರುತ್ತಾರೆ. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ.

ಮಾರ್ಚ್ 5, ಬುಧವಾರ

ಮೀಟರು ತರಿಸಿದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಂದು ಜೊತೆ ಚಪ್ಪಲಿಗಿಂತ ಅಗ್ಗ. ಅದರಿಂದ ಒಂದು ಕೆಂಪು ವೈರು ಬಾಲದ ಹಾಗೆ ಹೊರಟಿದೆ. ಆ ಬಾಲವನ್ನು ಇಂಜಿನ್ನಿನ ಪ್ಲಗ್ ವೈರಿಗೆ ಐದು ಸುತ್ತು ಸುತ್ತಿದರೆ ಮುಗಿಯಿತು. ಪ್ಲಗ್ಗಿನಲ್ಲಿ ಎಷ್ಟು ಸಲ ಕಿಡಿ ಹಾರುತ್ತದೋ ಎಣಿಸಿ, ನಿಮಿಷಕ್ಕೆ ಇಷ್ಟು ಸುತ್ತು ಅಂತ ತೋರಿಸುತ್ತದೆ. ಜೊತೆಗೊಂದು ಕಾಗದ ಬಂದಿದೆ. ಅದರ ಅಕ್ಷರ ಇರುವೆಗಳಿಗಾಗಿ ಅಚ್ಚು ಹಾಕಿದ್ದಿರಬೇಕು. ಮಡಚಿ ಬ್ಯಾಗಿನಲ್ಲಿಟ್ಟೆ.

ನನ್ನ ಉಪಾಯ ಸರಳ. ಮೀಟರು ನೋಡುವ ಅಭ್ಯಾಸ ಮಾಡಿಸಿಬಿಟ್ಟರೆ ಕಿವಿಯ ಗೊಡವೆಯೇ ಬೇಡ. ಅಂಕಿ ಸುಳ್ಳು ಹೇಳುವುದಿಲ್ಲ.

ಮಾರ್ಚ್ 9, ಭಾನುವಾರ (ಸೋಮವಾರ ಬರೆದದ್ದು)

ಗೆದ್ದೆ!

ಬೆಳಿಗ್ಗೆ ಅಂಗಳದಲ್ಲಿ ಬೈಸಿಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಮುಟ್ಟದ ಹಾಗೆ ನಿಲ್ಲಿಸಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತು ಊರುಗೋಲು ಊರಿಕೊಂಡು ನೋಡುತ್ತಿದ್ದರು. ಅತ್ತೆಗೆ ಎಪ್ಪತ್ತೆಂಟು. ಕಣ್ಣು ಮಂಜು, ಕಿವಿ ಮಾತ್ರ ಸೂಜಿ ಬಿದ್ದರೂ ಕೇಳಿಸುವಷ್ಟು ಚುರುಕು. ಮಗನನ್ನು ಕರೆಯಬೇಕಾದರೆ ಬಾಯಿಬಿಟ್ಟು ಕರೆಯುವುದಿಲ್ಲ, ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಮಹಾರಾಣಿ ಗತ್ತು. ಇವರೂ ತಕ್ಷಣ ತಿರುಗುತ್ತಾರೆ. ನನಗಿಲ್ಲದ ಮರ್ಯಾದೆ ಆ ಕೋಲಿಗಿದೆ.

ಮೀಟರನ್ನು ನೋಡಿ ಇವರು, "ಏನೇ ಇದು, ಮಕ್ಕಳ ಆಟದ ಸಾಮಾನಾ?" ಅಂದರು.

"ಆಟದ ಸಾಮಾನೋ ಅಲ್ಲವೋ ನೋಡೋಣ. ನೀವು ಇಷ್ಟು ಸುತ್ತು ಅಂತ ಹೇಳಿ, ಆಮೇಲೆ ಇದನ್ನು ಕೇಳೋಣ."

ಇಂಜಿನ್ ಹಚ್ಚಿದರು. ಬೀದಿಗೆ ಬೀದಿಯೇ ಎದ್ದು ಕೂತಿತು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಸೀಟಿನ ಕೆಳಗಿನ ಕಂಬಿ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡು ನಿಂತರು. ಆಕ್ಸಿಲರೇಟರ್ ತಿರುವಿ ಒಂದು ಮಟ್ಟಕ್ಕೆ ತಂದು, "ಮೂರು ಸಾವಿರದ ಆರುನೂರು. ಈ ಇಂಜಿನ್ನಿಗೆ ಇದೇ ಹದ" ಅಂದರು.

ನಾನು ಮೀಟರು ಓದಿದೆ. ಏಳು ಸಾವಿರದ ಇನ್ನೂರ ಹತ್ತು.

"ಏನು?" ಅಂದರು. ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಆಮೇಲೆ ಮೀಟರನ್ನೇ ಅವರಿಗೆ ಕಾಣುವ ಹಾಗೆ ಹಿಡಿದು ತೋರಿಸಿದೆ. ಬಗ್ಗಿ ನೋಡಿದರು. ಇಂಜಿನ್ನಿನ ಜೊತೆ ಬಂದ ಚೀಟಿಯಲ್ಲಿ ಆರು ಸಾವಿರ ದಾಟಿಸಬೇಡಿ ಅಂತ ಇದೆ. "ಮೊದಲನೇ ಇಂಜಿನ್ ಯಾಕೆ ಸತ್ತಿತು ಅಂತ ಈಗ ಗೊತ್ತಾಯ್ತಾ? ಎರಡರಷ್ಟು ಓಡಿಸಿ ಕೊಂದಿದ್ದೀರಿ!" ಅಂದೆ. ಅಂದದ್ದಲ್ಲ, ಬೀದಿಗೆ ಕೇಳುವ ಹಾಗೆ ಸಾರಿದೆ. ಎದುರು ಮನೆಯವರು ನಕ್ಕರು. ನಾನೂ ನಕ್ಕೆ.

ಅತ್ತೆ ನಗಲಿಲ್ಲ. "ಆ ಮೀಟರು ಪೆಟ್ಟಿಗೆ ಯಾರ ಹತ್ರ ಕೆಲಸ ಕಲೀತಂತೆ?" ಅಂದರು. ವಯಸ್ಸಾಯಿತು, ಪಾಪ.

ಮಾರ್ಚ್ 11, ಮಂಗಳವಾರ

ಲ್ಯಾಬಿನ ಡಾಕ್ಟರಮ್ಮನಿಗೆ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕರು. "ನಿಮ್ಮನೇಲೂ ಕ್ವಾಲಿಟಿ ಕಂಟ್ರೋಲ್ ಶುರುವಾಯ್ತು" ಅಂದರು. ನನ್ನ ಶಿಸ್ತು ಅವರಿಗೆ ಗೊತ್ತು. ದಿನಾ ಬೆಳಿಗ್ಗೆ, ಒಬ್ಬರದೇ ಒಬ್ಬರ ರಕ್ತ ಮುಟ್ಟುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಯಂತ್ರಕ್ಕೆ ಕೊಟ್ಟು ನೋಡುತ್ತೇನೆ. ಸರಿಯಾದ ಉತ್ತರ ಕೊಟ್ಟರೆ ಮಾತ್ರ ಆವತ್ತು ಯಂತ್ರವನ್ನು ನಂಬುವುದು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಮಾರ್ಚ್ 14, ಶುಕ್ರವಾರ

ಯಜಮಾನರು ಮೀಟರಿಗೆ ಶರಣಾಗಿದ್ದಾರೆ. ಅಂಕಿ ಮೂರು ಸಾವಿರದ ಆರುನೂರು ದಾಟದ ಹಾಗೆ ಓಡಿಸುತ್ತಾರೆ. ಆದರೆ ಬೈಸಿಕಲ್ಲು ಈಗ ಮುಗ್ಗರಿಸುತ್ತಾ, ಕೆಮ್ಮುತ್ತಾ, ಹಿಂದಿನಿಂದ ಯಾರೋ ಎಳೆದ ಹಾಗೆ ಹೋಗುತ್ತದೆ. ನೆನ್ನೆ ಪ್ಲಗ್ಗಿಗೆ ಎಣ್ಣೆ ಹಿಡಿದು ನಡುದಾರಿಯಲ್ಲಿ ನಿಂತೇಹೋಯಿತು. ಏರಿನಲ್ಲಿ ಪೆಡಲ್ ತುಳಿದುಕೊಂಡು ಬೆವರು ಸುರಿಸುತ್ತಾ ಮನೆಗೆ ಬಂದರು. ಇಂಜಿನ್ನಿನ ಭಾರ ಬೇರೆ.

"ಮೋಟಾರಿಗೂ ಸ್ವಲ್ಪ ವ್ಯಾಯಾಮ ಬೇಕಲ್ಲವಾ" ಅಂತ ಛೇಡಿಸಿದೆ. ಯಾವಾಗಲೂ ಹೀಗೆಂದರೆ ತಿರುಗೇಟು ಸಿಗುತ್ತಿತ್ತು. ಇವತ್ತು ಸಿಗಲಿಲ್ಲ. ಕೇಳಿಸಲಿಲ್ಲವೇನೋ ಅಂತ ಎದುರಿಗೆ ಹೋಗಿ ನಿಂತು ಇನ್ನೊಮ್ಮೆ ಅಂದೆ. "ಕೇಳಿಸ್ತು" ಅಂದರು ಅಷ್ಟೇ.

ಮಾರ್ಚ್ 17, ಸೋಮವಾರ

ಭಾನುವಾರ ಪೂರ್ತಿ ಬೈಸಿಕಲ್ಲು ಮೂಲೆಯಲ್ಲಿ, ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಬೀದಿ ಶಾಂತ. ಮನೆ ಶಾಂತ. ತಲೆನೋವಿಲ್ಲ. ಎಷ್ಟು ಹಾಯಾಗಿದೆ.

ಇವತ್ತು ಕೈಜಾರಿ ಎರಡು ಕೊಳವೆ ಒಡೆದೆ.

ಮಾರ್ಚ್ 19, ಬುಧವಾರ

ಅತ್ತೆ ಹೇಳಿದರು. ಇವರು ಹೇಳಲಿಲ್ಲ.

ನೆನ್ನೆ ಪಂಪ್ ಅಂಗಡಿಗೆ ಹೋಗಿ, "ನನ್ನಿಂದ ಆಗಲ್ಲ, ಬೇರೆಯವರನ್ನು ನೋಡಿಕೊಳ್ಳಿ" ಅಂದು ಬಂದಿದ್ದಾರೆ. ಸ್ಪ್ಯಾನರುಗಳನ್ನು ಸುತ್ತಿಟ್ಟಿದ್ದ ಬಟ್ಟೆಗಂಟು ಅಟ್ಟ ಸೇರಿದೆ.

"ಯಾಕೆ ರೀ?" ಅಂದೆ. "ನೀನೇ ಅಳೆದು ತೋರಿಸಿದೆಯಲ್ಲ" ಅಂದರು. ಸಿಟ್ಟಿಲ್ಲ, ಕೊಂಕಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು. ಆಮೇಲೆ ಗೋಡೆ ನೋಡುತ್ತಾ ಕೂತರು.

ನಾನು ಮಾಡಿದ್ದು ಇವರ ಒಳ್ಳೆಯದಕ್ಕೇ. ಮೀಟರು ನೋಡಿಕೊಂಡು ಕೆಲಸ ಮಾಡಲಿ ಅಂತ. ಕೆಲಸವನ್ನೇ ಬಿಡಲಿ ಅಂತ ಹೇಳಿದ್ದೆನಾ? ಅತ್ತೆಗೂ ಅದನ್ನೇ ಹೇಳಿದೆ. ಅತ್ತೆ ಕೋಲಿನ ತುದಿಯನ್ನೇ ನೋಡುತ್ತಾ, "ಒಳ್ಳೇದಕ್ಕೇ ಅಮ್ಮ, ಯಾರು ಇಲ್ಲ ಅಂದ್ರು" ಅಂದರು. ಈ ಅತ್ತೆ ಬೈದರೆ ತಡೆದುಕೊಳ್ಳಬಹುದು, ಒಪ್ಪಿಕೊಂಡರೆ ಆಗುವುದಿಲ್ಲ.

ಮಾರ್ಚ್ 20, ಗುರುವಾರ

ಇವತ್ತು ಸೆಂಟ್ರಿಫ್ಯೂಜ್ ನಾಲ್ಕು ಸಲ ತಿರುಗಿದರೂ ಬರೆದು ಮುಗಿಯುವುದಿಲ್ಲ.

ಬೆಳಿಗ್ಗೆ ಊಟದ ಡಬ್ಬಿ ಮರೆತು ಬಂದಿದ್ದೆ. ಮಧ್ಯಾಹ್ನ ಇವರೇ ನಡೆದುಕೊಂಡು ತಂದರು. ನಡೆದುಕೊಂಡು! ಮನೆಯಲ್ಲಿ ಮೋಟಾರು ಬೈಸಿಕಲ್ಲು ಇಟ್ಟುಕೊಂಡು. ನಾನು ಆಗಷ್ಟೇ ಕೊಳವೆಗಳನ್ನಿಟ್ಟು ಸೆಂಟ್ರಿಫ್ಯೂಜ್ ಶುರು ಮಾಡಿದ್ದೆ. ಇವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಹಾಗೇ ಅಂಗೈ ಮೇಜಿನ ಮೇಲೆಯೇ ಉಳಿಯಿತು. ಒಂದು ಕ್ಷಣ ಬಿಟ್ಟು ಕೈಯನ್ನು ಯಂತ್ರದ ಮುಚ್ಚಳದ ಮೇಲಿಟ್ಟು ಕಣ್ಣು ಮುಚ್ಚಿದರು.

"ಇದರಲ್ಲಿ ಒಂದು ಕಡೆ ಭಾರ ಜಾಸ್ತಿ ಆಗಿದೆ ಕಣೆ" ಅಂದರು.

"ಏನೂ ಇಲ್ಲ. ನಾನು ಎದುರುಬದುರು ಸಮ ನೋಡಿಯೇ ಇಟ್ಟಿರೋದು."

"ಇರಬಹುದು ಬಿಡು." ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ನನ್ನ ಕೈಗೆ ಇದು ಮೂರು ಸಾವಿರಕ್ಕೆ ಒಂಚೂರು ಕಮ್ಮಿ. ಅಂದ್ರೆ ಆರು ಸಾವಿರ ಇರಬೇಕು. ಈಗ ನನ್ನ ಲೆಕ್ಕ ಎಲ್ಲಾ ಅರ್ಧ ತಾನೆ" ಅಂದರು. ನಕ್ಕು, "ಡಬ್ಬಿಯಲ್ಲಿ ಸಾರು ಕೂಡಾ ಇದೆ, ಚೆಲ್ಲಬೇಡ" ಅಂದು ಹೋದರು.

ಯಂತ್ರದ ಅಂಕಿ ತೋರಿಸುವ ಗಾಜು ಇರುವುದು ನನ್ನ ಕಡೆ. ಇವರಿಗೆ ಕಾಣುವಂತಿರಲಿಲ್ಲ. ಮೂರು ಸಾವಿರ ಅಂತ ಇತ್ತು. ಇಪ್ಪತ್ತಾರು ವರ್ಷದಿಂದ ಅದನ್ನು ಮೂರು ಸಾವಿರಕ್ಕೇ ಇಟ್ಟಿದ್ದೇನೆ, ಮನೆಯಲ್ಲಿ ಒಂದು ದಿನವೂ ಅದರ ಮಾತೆತ್ತಿಲ್ಲ. ಸರಿ, ಮೂರು ಸಾವಿರ ಹೇಳಿದರು, ಆದರೆ 'ಒಂಚೂರು ಕಮ್ಮಿ' ಅಂದದ್ದು ತಪ್ಪಲ್ಲವಾ ಅಂದುಕೊಂಡೆ. ಆಮೇಲೆ ಯಂತ್ರದ ಹಿಂದೆ ಬಗ್ಗಿ, ಹೋದ ತಿಂಗಳು ಸರ್ವಿಸಿನವರು ಅಂಟಿಸಿಹೋದ ಚೀಟಿ ಓದಿದೆ. ಗಾಜಿನ ಮೇಲೆ ಮೂರು ಸಾವಿರ ತೋರಿಸುವಾಗ ನಿಜವಾಗಿ ತಿರುಗುವುದು ಎರಡು ಸಾವಿರದ ಒಂಬೈನೂರ ಮೂವತ್ತು.

ಹತ್ತು ನಿಮಿಷ ಕಳೆದು ಮುಚ್ಚಳ ತೆಗೆದೆ. ಒಂದು ಕೊಳವೆಯಲ್ಲಿ ರಕ್ತ ಅರ್ಧವೇ ಇತ್ತು. ಅದರ ಎದುರಿಗೆ ಪೂರ್ತಿ ತುಂಬಿದ ಕೊಳವೆ ಇಟ್ಟಿದ್ದೆ. ಒಂದು ಕಡೆ ಭಾರ ಜಾಸ್ತಿ.

ಇವರು ಕಿವಿಯಿಂದ ಅಳೆಯುತ್ತಿರಲಿಲ್ಲ. ಆವತ್ತು ಅಂಗಳದಲ್ಲಿಯೂ ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಕಂಬಿ ಮೇಲೆ. ನಾನೇ ನೋಡಿ, ನಾನೇ ಈ ಪುಸ್ತಕದಲ್ಲಿ ಬರೆದಿದ್ದೇನೆ. ಹಾಗಾದರೆ ತಪ್ಪಿದ್ದು ಯಾರು?

ಬ್ಯಾಗಿನ ತಳದಿಂದ ಆ ಇರುವೆ ಅಕ್ಷರದ ಕಾಗದ ಹುಡುಕಿ ತೆಗೆದೆ. ಬರಿಗಣ್ಣಿಗೆ ಆಗಲಿಲ್ಲ. ಸೂಕ್ಷ್ಮದರ್ಶಕದ ಮಸೂರ ಬಿಚ್ಚಿ ಹಿಡಿದು ಓದಿದೆ. ಮೀಟರನ್ನು ಎರಡು ಸುತ್ತಿಗೊಮ್ಮೆ ಕಿಡಿ ಹಾರುವ ದೊಡ್ಡ ಗಾಡಿಗಳ ಇಂಜಿನ್ನಿಗೆಂದು ಕೂರಿಸಿ ಕಳಿಸಿದೆ. ಪ್ರತಿ ಸುತ್ತಿಗೂ ಕಿಡಿ ಹಾರುವ ಸಣ್ಣ ಇಂಜಿನ್ನಾದರೆ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದು ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ಪಟ್ಟು ತೋರಿಸುತ್ತದೆ.

ಎರಡು ಪಟ್ಟು. ಏಳು ಸಾವಿರದ ಇನ್ನೂರ ಹತ್ತರ ಅರ್ಧ ಮೂರು ಸಾವಿರದ ಆರುನೂರ ಐದು. ಇವರು ಹೇಳಿದ್ದು ಮೂರು ಸಾವಿರದ ಆರುನೂರು.

ದಿನಾ ಬೆಳಿಗ್ಗೆ ಯಂತ್ರವನ್ನು ಪರೀಕ್ಷಿಸದೆ ಒಂದು ತೊಟ್ಟು ರಕ್ತ ಮುಟ್ಟದವಳು ನಾನು. ಚಪ್ಪಲಿಗಿಂತ ಅಗ್ಗದ ಮೀಟರನ್ನು ಪರೀಕ್ಷೆಯೇ ಇಲ್ಲದೆ ನಂಬಿ, ಇಪ್ಪತ್ತೆಂಟು ವರ್ಷ ಯಂತ್ರ ಹಿಡಿದ ಕೈಯನ್ನು ಬೀದಿಯಲ್ಲಿ ನಿಲ್ಲಿಸಿ ನಕ್ಕುಬಿಟ್ಟೆ. ನನಗೆ ನಾಚಿಕೆಯಾಗುತ್ತಿದೆ. ಇವತ್ತು ಇಷ್ಟೇ.

ಮಾರ್ಚ್ 21, ಶುಕ್ರವಾರ

ಮೀಟರಿನ ಗುಂಡಿಯನ್ನು ಬೆಳಿಗ್ಗೆಯೇ ಗುಟ್ಟಾಗಿ ಒತ್ತಿ ಸರಿಮಾಡಿದೆ. ಇವರು ಗಾಡಿ ಹಚ್ಚಿದಾಗ ತಾವೇ ನೋಡಿಕೊಳ್ಳಲಿ ಅಂತ. ಅಂದರೆ ನಾನು ಬಾಯಿಬಿಡುವುದು ತಪ್ಪಲಿ ಅಂತ. ಆದರೆ ಇವರು ಗಾಡಿಯ ಹತ್ತಿರ ಸುಳಿದರೆ ತಾನೆ?

ಕೆಲಸಕ್ಕೆ ಹೊರಡುವ ಮೊದಲು ಧೈರ್ಯ ಮಾಡಿ ಅಡುಗೆಮನೆಗೆ ಹೋದೆ. ಇವರು ಬೆನ್ನು ಹಾಕಿ, ಒಂದು ಕಾಲು ಗಿಡ್ಡವಾದ ನಮ್ಮ ಆ ಅಲುಗಾಡುವ ಮೇಜಿನ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಮೇಜಿನ ಅಂಚಿಗೆ ಒರಗಿ ನಿಂತು ಹೇಳಬೇಕಾದದ್ದನ್ನು ಹೇಳಿದೆ. ಇವರು ತಿರುಗಲಿಲ್ಲ. ಕೇಳಿಸಲಿಲ್ಲ. ಕೇಳಿಸುವುದಿಲ್ಲ ಅಂತ ಗೊತ್ತಿದ್ದೇ ಬೆನ್ನಿಗೆ ಹೇಳಿದೆನೋ ಏನೋ. ಈರುಳ್ಳಿ ಖಾರಕ್ಕೆ ಕಣ್ಣು ಉರಿಯಿತು, ಹೊರಗೆ ಬಂದುಬಿಟ್ಟೆ.

ಬಾಗಿಲಲ್ಲಿ ಅತ್ತೆ ಕೂತಿದ್ದರು. "ಅತ್ತೆ, ಅವರಿಗೆ ಕಿವಿ ಪೂರ್ತಿ ಹೋಗಿದೆ ಅಂತ ನಿಮಗೆ ಗೊತ್ತಿತ್ತಾ?" ಅಂದೆ.

"ಎರಡು ವರ್ಷದಿಂದ ಕೋಲು ಯಾಕೆ ಕುಟ್ತಿದ್ದೀನಿ ಅಂದ್ಕೊಂಡೆ? ನೆಲ ಅದುರಿದ್ರೆ ಅವನಿಗೆ ಕಾಲಲ್ಲಿ ಗೊತ್ತಾಗುತ್ತೆ."

"ನನಗ್ಯಾಕೆ ಹೇಳಲಿಲ್ಲ?"

"ಅವನೇ ಬಚ್ಚಿಟ್ಟುಕೊಂಡಿರೋದನ್ನ ನಾನ್ಯಾಕೆ ಬಯಲು ಮಾಡ್ಲಿ? ನೀನು ದೊಡ್ಡ ಪರೀಕ್ಷೆ ಮಾಡೋಳು, ಕಂಡುಹಿಡೀತೀಯ ಅಂತ ಕಾಯ್ತಿದ್ದೆ."

ಈ ಮನೆಯಲ್ಲಿ ಕಣ್ಣು ಮಂಜಾದವರು ಯಾರು ಅಂತ ಇವತ್ತು ತಿಳಿಯಿತು.

ಮಾರ್ಚ್ 24, ಸೋಮವಾರ

ನೆನ್ನೆ ಬೆಳಿಗ್ಗೆ ಚಹಾ ಆದ ಮೇಲೆ ಅತ್ತೆಯ ಕೋಲು ಇಸಿದುಕೊಂಡು ನೆಲಕ್ಕೆ ಎರಡು ಸಲ ಕುಟ್ಟಿದೆ. ಇವರು ತಿರುಗಿ, ಕೋಲು ನನ್ನ ಕೈಯಲ್ಲಿರುವುದು ನೋಡಿ ಬೆಪ್ಪಾದರು. ನನಗೆ ಬಂದ ಮರ್ಯಾದೆಯನ್ನು ಆಮೇಲೆ ಸಂಭ್ರಮಿಸಿದರಾಯಿತು ಅಂತ, ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ಬೆಡ್‌ಶೀಟ್ ಕಿತ್ತೆ. "ಹಚ್ಚಿ" ಅಂದೆ.

"ಬೇಡ ಕಣೆ. ಮತ್ತೆ ಯಾಕೆ?"

"ಹಚ್ಚಿ ಅಂದೆನಲ್ಲ!"

ಹಚ್ಚಿದರು. ಮೀಟರನ್ನು ನಾನು ಅಂಗೈಯಲ್ಲಿ ಮುಚ್ಚಿಕೊಂಡೆ. ಇವರು ಮನಸ್ಸಿಲ್ಲದ ಮನಸ್ಸಿನಿಂದ ಕಂಬಿಯ ಮೇಲೆ ಕೈಯಿಟ್ಟರು. ಎದುರಿಗೆ ನಿಂತು, ತುಟಿ ಕಾಣುವ ಹಾಗೆ, "ಎಷ್ಟು?" ಅಂದೆ.

"ಎರಡು ಸಾವಿರದ ನಾನ್ನೂರು. ಅಂದ್ರೆ ನಿನ್ನ ಲೆಕ್ಕದಲ್ಲಿ..."

"ನನ್ನ ಲೆಕ್ಕ ಬೇಡ."

ಕೈ ತೆಗೆದು ತೋರಿಸಿದೆ. ಎರಡು ಸಾವಿರದ ನಾನ್ನೂರ ಇಪ್ಪತ್ತು. ಇವರು ಮೀಟರು ನೋಡಿದರು, ನನ್ನ ಮುಖ ನೋಡಿದರು. ಏರಿಸಿದರು. "ಮೂರು ಸಾವಿರದ ಆರುನೂರು." ಮೀಟರಿನಲ್ಲಿ ಮೂರು ಸಾವಿರದ ಐನೂರ ತೊಂಬತ್ತು. ಇನ್ನೂ ಏರಿಸಿ, ಇಳಿಸಿ, ಐದಾರು ಸಲ ನೋಡಿದರು. ಒಂದು ಸಲವೂ ನಲವತ್ತು ಸುತ್ತಿಗಿಂತ ಆಚೀಚೆ ಆಗಲಿಲ್ಲ. ಕೊನೆಗೆ ಇಂಜಿನ್ ಆರಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮೀಟರು ತಪ್ಪಿತ್ತು" ಅಂದೆ. ಗುಂಡಿಯ ವಿಷಯ, ಕಾಗದದ ವಿಷಯ ಎಲ್ಲ ಹೇಳಿದೆ. ಮೀಟರು ಮೀಟರು ಅಂತಲೇ ಹೇಳಿದೆ.

ಇವರು ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ನೋಡುತ್ತಿದ್ದರು. "ಕಿವಿ ಹೋಗಿದ್ದು ನನಗೆ ಗೊತ್ತಿತ್ತು ಕಣೆ. ಪ್ರೆಸ್ಸಲ್ಲಿ ಕೊನೇ ಒಂದು ವರ್ಷ ಮಷಿನ್ ಮೈಮೇಲೆ ಕೈಯಿಟ್ಟೇ ಓಡಿಸಿದೆ, ಒಬ್ಬರಿಗೂ ಗೊತ್ತಾಗಲಿಲ್ಲ. ನಿನ್ನ ಮೀಟರು ಬಂದಾಗ ಕೈಯೂ ಹೋಯ್ತು ಅಂದ್ಕೊಂಡೆ. ಇನ್ನೇನು ಉಳೀತು ಅಂತ..."

"ಮೊದಲನೇ ಇಂಜಿನ್?" ಅಂತ ಅತ್ತೆ ಹಿಂದಿನಿಂದ ಕೇಳಿದರು. ನಾನು ಇವರಿಗೆ ದಾಟಿಸಿದೆ.

"ಅದಾ? ಪೆಟ್ರೋಲಿಗೆ ಎಣ್ಣೆ ಬೆರೆಸೋದು ಮರೆತಿದ್ದೆ, ಒಳಗೆ ಒಣಗಿ ಕಚ್ಚಿಕೊಳ್ತು. ಹೇಳಿದ್ರೆ ಇವಳು ಜೀವಮಾನ ಪೂರ್ತಿ ಆಡಿಕೊಳ್ತಾಳೆ ಅಂತ ಹೇಳಲಿಲ್ಲ."

ನೋಡಿದಿರಾ! ನಾನು ನಾಲ್ಕು ದಿನದಿಂದ ಒಳಗೊಳಗೇ ಬೇಯುತ್ತಿದ್ದರೆ, ಇವರು ಹೊಟ್ಟೆಯಲ್ಲಿ ಇಂಥದ್ದನ್ನಿಟ್ಟುಕೊಂಡು ಕೂತಿದ್ದಾರೆ.

ಇವತ್ತು ಇಪ್ಪತ್ನಾಲ್ಕು. ಅಟ್ಟದಿಂದ ಗಂಟು ಇಳಿಸಿಕೊಟ್ಟು, ಅಂಗಡಿಯ ದಾರಿ ಹಿಡಿಸಿ ನಾನು ಕೆಲಸಕ್ಕೆ ಬಂದೆ. ಅಂಗಡಿಯವರು ಅಷ್ಟರಲ್ಲಿ ಬೇರೆಯವರಿಗೆ ಹೇಳಿಬಿಟ್ಟಿದ್ದರೆ? ಬೆಳಗ್ಗಿನಿಂದ ಮೂರು ಸಲ ಗಡಿಯಾರ ನೋಡಿ ಮೂರು ಸಲವೂ ಗಂಟೆ ಎಷ್ಟೆಂದು ಮರೆತೆ.

ಮಾರ್ಚ್ 25, ಮಂಗಳವಾರ

ಬೇರೆಯವರಿಗೆ ಹೇಳಿಬಿಟ್ಟಿದ್ದರು! ಇವರು ಹೋದಾಗ ಆ ಮನುಷ್ಯ ಆಗಲೇ ಬಂದು ಅಂಗಡಿಯಲ್ಲಿ ಕೂತಿದ್ದನಂತೆ. ಅಂಗಡಿಯವರು ಕೈ ಹಿಸುಕಿಕೊಳ್ಳುತ್ತಾ ನಿಂತರಂತೆ. ಇವರು ಮೊದಲು ಹೇಳಿದ ಮಾತೇ, "ನನಗೆ ಕಿವಿ ಕೇಳಿಸಲ್ಲ. ಮಾತಾಡುವಾಗ ಮುಖ ತೋರಿಸಿ ಮಾತಾಡಿ. ಇಂಜಿನ್ ಮಾತ್ರ ಯಾವ ಕಡೆ ಮುಖ ಮಾಡಿಕೊಂಡಿದ್ರೂ ಪರವಾಗಿಲ್ಲ." ಎರಡು ವರ್ಷ ನನಗೆ ಹೇಳದ್ದನ್ನು ಅಂಗಡಿ ಬಾಗಿಲಲ್ಲಿ ನಿಂತು ಹೇಳಿದ್ದಾರೆ. ಹೊಟ್ಟೆಕಿಚ್ಚಾಯಿತು.

ಸಾಲಾಗಿ ಮೂರು ಪಂಪು ನಿಲ್ಲಿಸಿದ್ದರಂತೆ. ಆ ಇನ್ನೊಬ್ಬನಿಗೆ ಎರಡು ಇಂಜಿನ್ ಒಟ್ಟಿಗೆ ಓಡಿದರೆ ಯಾವುದರ ಸದ್ದು ಯಾವುದು ಅಂತಲೇ ಗೊತ್ತಾಗಲಿಲ್ಲ. ಇವರು ಮೂರನ್ನೂ ಹಚ್ಚಿಸಿ, ಒಂದೊಂದರ ಮೇಲೂ ಕೈಯಿಟ್ಟು ಸ್ಪೀಡು ಕೂರಿಸಿದರು. ಅಂಗಡಿಯವರು ತಮ್ಮ ಮೀಟರಿನಲ್ಲಿ ನೋಡಿ, "ಈ ಗಲಾಟೇಲಿ ಕಿವಿ ಇರೋ ನನಗೇ ಏನೂ ಕೇಳಿಸಲ್ಲ. ನಾಳೆಯಿಂದ ಬನ್ನಿ" ಅಂದರಂತೆ. ಆ ಇನ್ನೊಬ್ಬನಿಗೆ ಕೌಂಟರಿನ ಕೆಲಸ ಕೊಟ್ಟರಂತೆ, ಒಳ್ಳೆಯದಾಯಿತು.

ಇವರು ಇದನ್ನು ನನಗೆ ನಾಲ್ಕು ಸಲ ಹೇಳಿದರು. ಪ್ರತಿ ಸಲವೂ ಪಂಪುಗಳು ಒಂದೊಂದು ಜಾಸ್ತಿಯಾದವು. ಈಗ ಆರಕ್ಕೆ ನಿಂತಿವೆ.

ಏಪ್ರಿಲ್ 4, ಶುಕ್ರವಾರ

ಇವತ್ತು ಬೆಳಿಗ್ಗೆ ಇವರೇ ನನ್ನನ್ನು ಬೈಸಿಕಲ್ಲಿನ ಹಿಂದೆ ಕೂರಿಸಿಕೊಂಡು ಲ್ಯಾಬಿಗೆ ಬಿಟ್ಟರು. ಬಾಗಿಲ ಹಿಂದೆ ಅಡಗಿ ನೋಡುತ್ತಿದ್ದವಳು ಬೀದಿಯಲ್ಲೆಲ್ಲ ಮೆರವಣಿಗೆ ಹೋದೆ. ಎದುರು ಮನೆಯವರಿಗೆ ಕೈ ಬೇರೆ ಬೀಸಿದೆ. ಮೂರು ಸಾವಿರದ ಆರುನೂರರಲ್ಲಿ ಗಾಡಿ ಎಷ್ಟು ಹದವಾಗಿ ಹೋಗುತ್ತದೆ! ಕೂತಲ್ಲಿಗೇ ತಿಳಿಯುತ್ತದೆ, ಮೀಟರು ಬೇಕಿಲ್ಲ.

ಆದರೆ ಬರೆಯಬೇಕಾದದ್ದು ಇದಲ್ಲ. ಹೊರಡುವ ಮೊದಲು ಅಡುಗೆಮನೆಯಲ್ಲಿ ಆದದ್ದು.

"ಆವತ್ತೊಂದು ಶುಕ್ರವಾರ ಇಲ್ಲೇ ನನ್ನ ಬೆನ್ನಿಗೆ ಏನೋ ಹೇಳಿ ಓಡಿಹೋದೆಯಲ್ಲ, ಏನದು?" ಅಂದರು.

"ನಿಮಗೆ ಕೇಳಿಸಿತಾ?"

"ಕೇಳಿಸಲಿಲ್ಲ. ಕೈ ಮೇಜಿನ ಮೇಲಿತ್ತು, ನೀನು ಮೇಜಿಗೆ ಒರಗಿದ್ದೆ. ಮೇಜು ನಡುಗ್ತಾ ಇತ್ತು. ಅಳ್ತಾ ಇದ್ದೆ."

"ಯಾರು ಅತ್ತಿದ್ದು? ಈರುಳ್ಳಿ ಖಾರ."

"ಆವತ್ತು ನಾನು ಹೆಚ್ಚುತ್ತಿದ್ದದ್ದು ಸೌತೆಕಾಯಿ ಕಣೆ."

ಇನ್ನು ಮೀಟರಿನ ಹಿಂದೆ ಅಡಗುವ ಹಾಗಿರಲಿಲ್ಲ. ಎದುರಿಗೆ ಹೋಗಿ ನಿಂತು, ಮುಖಕ್ಕೆ ಮುಖ ಕೊಟ್ಟು, "ನನ್ನದು ತಪ್ಪಾಯ್ತು ರೀ" ಅಂದೆ.

"ಆಂ?"

"ತಪ್ಪಾಯ್ತು ಅಂದೆ."

"ಏನೂ ಗೊತ್ತಾಗ್ತಿಲ್ಲ. ಇನ್ನೊಂದು ಸಲ?"

ಮೂರನೇ ಸಲ ಹೇಳಲು ಬಾಯಿ ತೆರೆದಿದ್ದೆ, ಹೊರಗಿನಿಂದ ಅತ್ತೆ ಕೂಗಿದರು: "ಅವನಿಗೆ ಮೊದಲನೇ ಸಲವೇ ತಿಳೀತು ಕಣೇ! ಸುಮ್ಮನೆ ಸುಖ ಪಡ್ತಿದ್ದಾನೆ!"

ಸೆಂಟ್ರಿಫ್ಯೂಜ್ ನಿಲ್ಲಲು ಇನ್ನೂ ಎರಡು ನಿಮಿಷವಿದೆ. ಪುಟ ಹಿಂದಕ್ಕೆ ತಿರುಗಿಸಿದೆ. ಮಾರ್ಚ್ ಇಪ್ಪತ್ತೊಂದು. ಈರುಳ್ಳಿ ಅಂತ ಎರಡು ಕಡೆ ಬರೆದಿದ್ದೇನೆ. ಎರಡಕ್ಕೂ ಒಂದೊಂದು ಗೆರೆ ಎಳೆದು, ಮೇಲೆ ಸೌತೆಕಾಯಿ ಅಂತ ಬರೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದೆ.